ಓದುಗರ ಪ್ರಶ್ನೆ: ನೀಲಿ ಯಾಕೆ ಮಂಕು, ಕೆಂಪು ಯಾಕೆ ಮಾಸುತ್ತದೆ?

ಈ ಸಲದ ಅಂಕಣ ಪೂರ್ತಿ ಹಳೇ ಲೈಟ್‌ಬಾರ್‌ಗಳದ್ದು. ಪೊಲೀಸ್ ಕಾರು, ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳ ತಲೆ ಮೇಲೆ ಒಂದು ಕಾಲದಲ್ಲಿ ತಿರುಗುತ್ತಿದ್ದ ಆ ದೀಪಗಳನ್ನು ಹುಡುಕಿ ಕೂಡಿಡುವವರು ಕಮ್ಮಿಯೇನಿಲ್ಲ. ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇರುವುದು ಬಣ್ಣದ ಬಗ್ಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ನನ್ನ ಹತ್ತಿರ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ ಡೋಮ್ (ದೀಪದ ಮೇಲಿನ ಬಣ್ಣದ ಹೊದಿಕೆ) ಇರುವ ಅಮೆರಿಕದ ಹಳೇ ಲೈಟ್‌ಬಾರ್ ಇದೆ. ಎರಡೂ ಕಡೆ ಒಂದೇ ಥರದ ಬಲ್ಬ್. ಕೆಂಪು ಕಣ್ಣಿಗೆ ರಾಚುತ್ತದೆ, ನೀಲಿ ಮಾತ್ರ ಮಂಕು. ಬಲ್ಬ್ ಅದಲುಬದಲು ಮಾಡಿ ನೋಡಿದರೂ ಅಷ್ಟೇ. ವೈರಿಂಗ್ ತೊಂದರೆಯಾ?

ಬಲ್ಬ್ ಅದಲುಬದಲು ಮಾಡಿದ ಮೇಲೂ ನೀಲಿಯೇ ಮಂಕು ಅಂದರೆ ವೈರಿಂಗ್ ಮೇಲೆ ನನಗೆ ಅನುಮಾನ ಕಮ್ಮಿ. ಖಾತ್ರಿ ಬೇಕಿದ್ದರೆ ಎರಡೂ ಹೋಲ್ಡರ್‌ಗಳಲ್ಲಿ ವೋಲ್ಟೇಜ್ ಅಳೆದು ನೋಡಿ, ಒಂದೇ ಇದ್ದರೆ ವೈರಿಂಗ್ ಬಿಟ್ಟುಬಿಡಿ. ನೀಲಿ ಮಂಕಾಗಿರುವುದೇ ಸಹಜ.

ಬಣ್ಣದ ಡೋಮ್ ಬೆಳಕಿಗೆ ಬಣ್ಣ ಸೇರಿಸುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಏನನ್ನೂ ಸೇರಿಸುವುದಿಲ್ಲ. ಜರಡಿ ಹಿಡಿದ ಹಾಗೆ, ತನಗೆ ಬೇಕಾದ ಬಣ್ಣವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಡೆಯುತ್ತದೆ. ತಡೆದ ಬೆಳಕು ಎಲ್ಲಿಗೆ ಹೋಗಬೇಕು? ಡೋಮ್‌ನೊಳಗೇ ಶಾಖವಾಗುತ್ತದೆ. ಈ ಒಂದು ವಿಷಯ ತಲೆಯಲ್ಲಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಈಗ ಬಲ್ಬ್ ಕಡೆ ನೋಡಿ. ಹಳೇ ಸೀಲ್ಡ್ ಬೀಮ್ (ಗಾಜು, ರಿಫ್ಲೆಕ್ಟರ್, ತಂತಿ ಎಲ್ಲ ಒಂದರಲ್ಲೇ ಸೀಲಾದ) ಬಲ್ಬಿನ ತಂತಿ ಉರಿಯುವುದು ಸುಮಾರು 2,800ರಿಂದ 2,900 ಕೆಲ್ವಿನ್‌ನಲ್ಲಿ, ಹ್ಯಾಲೋಜನ್ ಆದರೆ 3,000ಕ್ಕಿಂತ ಸ್ವಲ್ಪ ಮೇಲೆ. ಆ ಬಿಸಿಗೆ ಹೊರಡುವ ಬೆಳಕಿನಲ್ಲಿ ಕೆಂಪು, ಹಳದಿ ಧಾರಾಳ, ನೀಲಿ ಬಹಳ ಕಮ್ಮಿ. ಅದರ ಮೇಲೆ ನಮ್ಮ ಕಣ್ಣಿಗೆ ಹಗಲಿನಲ್ಲಿ ನೀಲಿ ಅಷ್ಟಾಗಿ ಕಾಣುವುದಿಲ್ಲ, ಹಸಿರು ಹಳದಿಯೇ ಜಾಸ್ತಿ ಕಾಣುವುದು. ಎರಡೂ ಸೇರಿ ನೀಲಿಗೆ ಎರಡೆರಡು ಪೆಟ್ಟು. ಅಂದಾಜು ಹೇಳಬೇಕೆಂದರೆ, ಅಂಬರ್ (ಕಿತ್ತಳೆ ಮಿಶ್ರಿತ ಹಳದಿ) ಡೋಮ್ ಹಿಂದೆ ಬಲ್ಬ್ ಇಟ್ಟರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗೆ ಬರುತ್ತದೆ. ಕೆಂಪಿನಲ್ಲಿ ಕಾಲು ಭಾಗದ ಆಸುಪಾಸು. ನೀಲಿಯಲ್ಲಿ 100ಕ್ಕೆ 5 ಬಂದರೆ ದೊಡ್ಡದು. ನಿಮ್ಮ ಬಾರ್‌ನ ನೀಲಿ ಬದಿ ಮಾಡುತ್ತಿರುವುದು ಅಷ್ಟೇ ಕೆಲಸ, ಪಾಪ.

ಇನ್ನೊಂದು ವಿಷಯ. ಕಡಿಮೆ ವೋಲ್ಟೇಜ್ ಕೊಟ್ಟಿದ್ದರೆ ನೀಲಿ ಇನ್ನೂ ಸಾಯುತ್ತದೆ. ವೋಲ್ಟೇಜ್ 10 ಶೇಕಡ ಇಳಿದರೆ ಬಲ್ಬಿನ ಬೆಳಕು ಸುಮಾರು 30 ಶೇಕಡ ಇಳಿಯುತ್ತದೆ. ತಂತಿ ತಣ್ಣಗಾದಷ್ಟೂ ಉಳಿದ ಬೆಳಕು ಕೆಂಪಿಗೆ ವಾಲುತ್ತದೆ, ಅಂದರೆ ಮೊದಲೇ ಕಮ್ಮಿ ಇದ್ದ ನೀಲಿಯೇ ಮೊದಲು ಹೋಗುವುದು. ಕೆಂಪು ಬದಿಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ನೀಲಿ ದೀಪ ಯಾಕಾದರೂ ಇಟ್ಟರು? ಅಷ್ಟು ದಡ್ಡರಾ?

ದಡ್ಡರಲ್ಲ. ಜರ್ಮನಿಯಲ್ಲಿ 1938ರಲ್ಲಿ ತುರ್ತು ವಾಹನಗಳಿಗೆ ನೀಲಿ ದೀಪ ನಿಯಮವಾಯಿತು. ಯುದ್ಧದ ತಯಾರಿ ನಡೆದಿದ್ದ ಕಾಲ. ವಿಮಾನದಾಳಿಯ ಭಯಕ್ಕೆ ರಾತ್ರಿ ಊರೆಲ್ಲ ಕತ್ತಲು ಮಾಡಬೇಕಾಗುತ್ತದೆ ಅಂತ ಗೊತ್ತಿತ್ತು. ನೀಲಿ ಬೆಳಕು ಗಾಳಿಯಲ್ಲಿ ಬೇಗ ಚದುರಿಹೋಗುತ್ತದೆ, ಮೇಲಿನಿಂದ ನೋಡುವ ವಿಮಾನಕ್ಕೆ ದೂರದಿಂದ ಕಾಣುವುದು ಕಷ್ಟ. ಅಂದರೆ ಅವರಿಗೆ ಬೇಕಾಗಿದ್ದೇ ದೂರಕ್ಕೆ ಹೋಗದ ಬಣ್ಣ! ಯುದ್ಧ ಮುಗಿಯಿತು, ನೀಲಿ ಉಳಿಯಿತು, ಯುರೋಪಿನ ಬಹುಪಾಲು ದೇಶಗಳಲ್ಲಿ ಅದೇ ಮಾಮೂಲಾಯಿತು.

ರಾತ್ರಿ ಹೊತ್ತಿಗೆ ನೀಲಿಗೆ ಒಂದು ಅನುಕೂಲವೂ ಇದೆ. ಕತ್ತಲಿಗೆ ಹೊಂದಿಕೊಂಡ ಕಣ್ಣು ಬೇರೆ ಜೀವಕೋಶಗಳಿಂದ ನೋಡುತ್ತದೆ. ಹಗಲಿನಲ್ಲಿ ಕಣ್ಣು ಅತಿ ಚುರುಕಾಗಿರುವುದು ಸುಮಾರು 555 ನ್ಯಾನೊಮೀಟರ್ ತರಂಗಾಂತರದ (ಹಸಿರು) ಬೆಳಕಿಗೆ, ಕತ್ತಲಲ್ಲಿ ಅದು 507ರ ಕಡೆ, ಅಂದರೆ ನೀಲಿ ಬದಿಗೆ ಸರಿಯುತ್ತದೆ. ಹಗಲಿನಲ್ಲಿ ಎದ್ದು ಕಂಡ ಕೆಂಪು ಹೂವು ಮುಸ್ಸಂಜೆಯಲ್ಲಿ ಕಪ್ಪಾಗಿ, ಪಕ್ಕದ ನೀಲಿ ಹೂವು ಬೆಳ್ಳಗೆ ಕಾಣುವುದು ಇದರಿಂದಲೇ. 19ನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ಗಮನಿಸಿ ಬರೆದಿಟ್ಟವರು ಚೆಕ್ ವಿಜ್ಞಾನಿ ಪುರ್ಕಿನ್ಯೆ. ಹಾಗಾಗಿ ನಿಮ್ಮ ಬಾರ್ ಅನ್ನು ಹಗಲಲ್ಲಿ ಉರಿಸಿ ನೀಲಿ ಮಂಕು ಅಂತ ಬೇಜಾರು ಮಾಡಿಕೊಳ್ಳಬೇಡಿ. ಕೋಣೆ ಪೂರ್ತಿ ಕತ್ತಲು ಮಾಡಿ, ಹತ್ತು ನಿಮಿಷ ಕೂತು, ಆಮೇಲೆ ಗೋಡೆ ಮೇಲೆ ಬೀಳುವ ಬೆಳಕು ನೋಡಿ. ಲೆಕ್ಕ ಸ್ವಲ್ಪ ಬದಲಾಗಿರುತ್ತದೆ.

ಪ್ರಶ್ನೆ: ಹೊಸದಾಗಿ ಸಂಗ್ರಹ ಶುರು ಮಾಡುತ್ತಿದ್ದೇನೆ. ಬೀಕನ್ ರೇ, ಟ್ವಿನ್‌ಸಾನಿಕ್, ಏರೋಡೈನಿಕ್ ಅಂತ ಹೆಸರುಗಳು ಬರುತ್ತವೆ. ಯಾವುದರಿಂದ ಶುರು ಮಾಡಲಿ?

ಈ ಮೂರೂ ಫೆಡರಲ್ ಸಿಗ್ನಲ್ ಕಂಪನಿಯವು. 1901ರಲ್ಲಿ ಷಿಕಾಗೋದಲ್ಲಿ ಫೆಡರಲ್ ಎಲೆಕ್ಟ್ರಿಕ್ ಅಂತ ಶುರುವಾದ ಕಂಪನಿ. ಬೀಕನ್ ರೇ ಅಂದರೆ ಕಾರಿನ ನೆತ್ತಿಯ ಮೇಲೆ ಕೂರುತ್ತಿದ್ದ ಒಂಟಿ ಗುಮ್ಮಟ, ಒಳಗೆ ಬಲ್ಬ್‌ಗಳು ಸುತ್ತುತ್ತಿರುತ್ತವೆ. ಅಮೆರಿಕನ್ನರು ಇಂಥ ದೀಪಗಳನ್ನು ತಮಾಷೆಗೆ ಬಬಲ್‌ಗಮ್ ಮಷೀನ್ ಅಂತ ಕರೆಯುತ್ತಿದ್ದರು. 1940ರ ದಶಕದ ಕೊನೆಯಿಂದ ಬಂದದ್ದು. 1960ರ ದಶಕದ ಕೊನೆಗೆ ಬಂದ ಟ್ವಿನ್‌ಸಾನಿಕ್ ನಿಜವಾದ ಅರ್ಥದಲ್ಲಿ ಲೈಟ್‌ಬಾರ್. ಎರಡು ತುದಿಯಲ್ಲಿ ಎರಡು ತಿರುಗುವ ದೀಪ, ನಡುವೆ ಸೈರನ್ ಸ್ಪೀಕರ್, ದೀಪಗಳ ಪಕ್ಕ ಓರೆಯಾಗಿ ನಿಲ್ಲಿಸಿದ ಕನ್ನಡಿ.

ಆ ಕನ್ನಡಿಯೇ ಅದರ ಜಾಣತನ ಅಂತ ನನ್ನ ಅಭಿಪ್ರಾಯ. ಬಲ್ಬ್ ಒಂದು ಸುತ್ತು ತಿರುಗುವಾಗ ಮುಂದೆ ನಿಂತವನಿಗೆ ಒಮ್ಮೆ ನೇರವಾಗಿ ಮಿಂಚುತ್ತದೆ, ಇನ್ನೊಮ್ಮೆ ಬಾರ್‌ನ ನಡುಭಾಗದ ಕಡೆ ಬಿದ್ದು ವ್ಯರ್ಥವಾಗಬೇಕಿದ್ದ ಬೆಳಕು ಕನ್ನಡಿಗೆ ತಗುಲಿ ಮುಂದಕ್ಕೆ ಬರುತ್ತದೆ. ಮೋಟಾರ್ ವೇಗ ಹೆಚ್ಚಿಸದೆ, ಬಲ್ಬ್ ಸೇರಿಸದೆ, ಮಿಂಚು ಮಾತ್ರ ಹೆಚ್ಚು. ಕನ್ನಡಿ ಒಂದೆರಡು ಡಿಗ್ರಿ ಜರುಗಿದ್ದರೂ ಈ ಆಟ ಕೆಡುತ್ತದೆ. ಖರೀದಿಗೆ ಮೊದಲು ಕನ್ನಡಿಯ ಕ್ಲಿಪ್‌ಗಳನ್ನು ಬೆರಳಿಂದ ಅಲ್ಲಾಡಿಸಿ ನೋಡಿ.

1970ರ ದಶಕದ ಕೊನೆಗೆ ಗಾಳಿಗೆ ತಡೆ ಕಡಿಮೆ ಮಾಡುವ ತಗ್ಗಿದ ಏರೋಡೈನಿಕ್ ಬಂತು. ಸೇಂಟ್ ಲೂಯಿಸ್‌ನ ಕೋಡ್ 3 ಕಂಪನಿಯ ಎಂಎಕ್ಸ್ 7000, ಕನೆಕ್ಟಿಕಟ್‌ನ ವೆಲೆನ್ ಕಂಪನಿಯ ಸ್ಟ್ರೋಬ್ (ಕ್ಷಣಮಾತ್ರ ಮಿಂಚುವ ದೀಪ) ಬಾರ್‌ಗಳು, ಏಳು ರೋಟೇಟರ್‌ಗಳನ್ನು (ತಿರುಗುವ ದೀಪಗಳನ್ನು) ಬಾಣದ ಮೊನೆಯ ಆಕಾರದಲ್ಲಿ ಜೋಡಿಸಿದ ಫೆಡರಲ್‌ನ ವೆಕ್ಟರ್ ಎಲ್ಲ ಆಮೇಲಿನ ಕಾಲದವು. ಯುರೋಪಿನ ಕಡೆ ಒಲವಿದ್ದರೆ ಹೆಲ್ಲಾ, ಬಾಷ್ ಕಂಪನಿಗಳ ಒಂಟಿ ನೀಲಿ ದೀಪಗಳು ಒಳ್ಳೆಯ ಶುರು. ಚಿಕ್ಕವು, ಶೆಲ್ಫ್ ಮೇಲೆ ಕೂರುತ್ತವೆ, ಬಲ್ಬ್ ಇವತ್ತಿಗೂ ಸಿಗುವ ಎಚ್1 ಅನ್ನುವ ಹ್ಯಾಲೋಜನ್.

ಯಾವುದರಿಂದ ಶುರು ಮಾಡಬೇಕು ಅನ್ನುವುದಕ್ಕೆ ನನ್ನ ಉತ್ತರ ಒಂದೇ. ಡೋಮ್ ಚೆನ್ನಾಗಿರುವುದರಿಂದ. ಮೋಟಾರ್ ಸುಟ್ಟಿದ್ದರೆ ಅದರ ತಂತಿ ಮತ್ತೆ ಸುತ್ತಿಸಬಹುದು, ತುಕ್ಕು ಹಿಡಿದ ತಳವನ್ನು ಉಜ್ಜಿ ಬಣ್ಣ ಹೊಡೆಯಬಹುದು, ವೈರ್ ಬದಲಿಸಬಹುದು. ಒಡೆದ, ಮಾಸಿದ ಡೋಮ್‌ಗೆ ಇನ್ನೊಂದು ಡೋಮ್ ಹುಡುಕಬೇಕು, ಬೇರೆ ದಾರಿ ಇಲ್ಲ. ಮೋಟಾರ್ ಗುಂಯ್ ಅಂತ ತಿರುಗುವುದನ್ನು ನೋಡಿ ಮರುಳಾಗಿ ಡೋಮ್ ನೋಡದೆ ಕೊಳ್ಳುವವರೇ ಜಾಸ್ತಿ.

ಪ್ರಶ್ನೆ: ಗಾಜಿನ ಕೆಂಪು ಡೋಮ್ ಅಂತ ಹೇಳಿ ಒಬ್ಬರು ಮಾರುತ್ತಿದ್ದಾರೆ. ನಿಜವಾಗಿ ಗಾಜಾ ಪ್ಲಾಸ್ಟಿಕ್ಕಾ ಅಂತ ಹೇಗೆ ತಿಳಿಯುವುದು? ಗಾಜಿನದ್ದಾದರೆ ಏನು ವಿಶೇಷ?

ಕೈಗೆತ್ತಿಕೊಂಡರೆ ಸಾಕು. ಗಾಜು ಅದೇ ಗಾತ್ರದ ಪ್ಲಾಸ್ಟಿಕ್‌ಗಿಂತ ಎರಡು ಪಟ್ಟು ತೂಕ, ಮುಟ್ಟಿದರೆ ತಣ್ಣಗೆ, ಉಗುರಲ್ಲಿ ತಟ್ಟಿದರೆ ಠಣ್ ಅನ್ನುತ್ತದೆ. ಪ್ಲಾಸ್ಟಿಕ್ ಟಕ್ ಅನ್ನುತ್ತದೆ, ಅಷ್ಟೇ.

ವಿಶೇಷ ಏನೆಂದರೆ ಗಾಜಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಬಣ್ಣ ಬಂದಿರುವುದು ಪ್ಲಾಸ್ಟಿಕ್‌ಗೆ ಬೆರೆಸುವಂಥ ಸಾವಯವ ಡೈಯಿಂದ (ಬಣ್ಣದ ರಾಸಾಯನಿಕದಿಂದ) ಅಲ್ಲ, ಗಾಜಿನ ಒಳಗೇ ಬೆರೆತ ಖನಿಜದಿಂದ. ಸಿಗ್ನಲ್ ಕೆಂಪು ಗಾಜಿಗೆ ಸೆಲೆನಿಯಂ ಮತ್ತು ಕ್ಯಾಡ್ಮಿಯಂ ಸಲ್ಫೈಡ್ ಹಾಕುತ್ತಾರೆ. ಸ್ವಾರಸ್ಯ ಏನು ಗೊತ್ತಾ, ಆ ಗಾಜು ಕುಲುಮೆಯಿಂದ ಹೊರಗೆ ಬಂದಾಗ ಕೆಂಪಾಗಿರುವುದೇ ಇಲ್ಲ. ಬಣ್ಣವಿಲ್ಲದೆ ಅಥವಾ ತಿಳಿ ಹಳದಿಯಾಗಿ ಇರುತ್ತದೆ. ಅದನ್ನು ಮತ್ತೆ ಹದವಾಗಿ ಬಿಸಿ ಮಾಡಿದಾಗ ಒಳಗೆ ಅತಿ ಸಣ್ಣ ಹರಳುಗಳು ಬೆಳೆದು ಕೆಂಪು ಮೂಡುತ್ತದೆ. ಬಿಸಿ ಕಮ್ಮಿಯಾದರೆ ಕಿತ್ತಳೆ, ಜಾಸ್ತಿಯಾದರೆ ಕಂದು ಕಡೆ ಹೋಗುತ್ತದೆ. ಒಂದೇ ಮಾದರಿಯ ಎರಡು ಹಳೇ ಡೋಮ್‌ಗಳ ಕೆಂಪು ಸ್ವಲ್ಪ ಬೇರೆ ಬೇರೆ ಕಂಡರೆ ಗಾಬರಿಯಾಗಬೇಡಿ.

ಒಂದು ಎಚ್ಚರಿಕೆ. ಗಾಜಿನೊಳಗೆ ಸೇರಿಕೊಂಡಿರುವ ಕ್ಯಾಡ್ಮಿಯಂ ಸುಮ್ನೆ ಇಟ್ಟುಕೊಂಡವರಿಗೆ ಏನೂ ಮಾಡುವುದಿಲ್ಲ, ಆದರೆ ಒಡೆದ ಅಂಚನ್ನು ನೀರು ಹಾಕದೆ ಗ್ರೈಂಡರ್ ಹಿಡಿದು ಉಜ್ಜಲು ಹೋಗಬೇಡಿ. ಆ ಧೂಳು ಒಳ್ಳೆಯದಲ್ಲ.

ಪ್ರಶ್ನೆ: ಹಳೇ ನೀಲಿ ಗಾಜಿನ ಮೂಲಕ ಉರಿಯುವ ಬಲ್ಬನ್ನು ನೋಡಿದರೆ ತಂತಿಯ ಸುತ್ತ ಕೆಂಪು ಛಾಯೆ ಕಾಣುತ್ತದೆ. ಗಾಜು ಕೆಟ್ಟಿದೆಯಾ?

ಕೆಟ್ಟಿಲ್ಲ, ಅದು ಕೋಬಾಲ್ಟ್ ಗಾಜು ಅನ್ನುವುದಕ್ಕೆ ಒಳ್ಳೆಯ ಗುರುತು. ಕೋಬಾಲ್ಟ್ ಹಸಿರು, ಹಳದಿ, ಕಿತ್ತಳೆ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಕೆಂಪಿನ ಕೊಟ್ಟಕೊನೆಯಲ್ಲಿ, ಸುಮಾರು 700 ನ್ಯಾನೊಮೀಟರ್ ಆಚೆ, ಅದು ಮತ್ತೆ ಬಾಗಿಲು ತೆರೆಯುತ್ತದೆ. ತಂತಿ ಬಲ್ಬಿನಲ್ಲಿ ಆ ಕಡುಗೆಂಪು ಸಿಕ್ಕಾಪಟ್ಟೆ ಇರುವುದರಿಂದ ಒಂದಿಷ್ಟು ಸೋರಿ ಬರುತ್ತದೆ, ದೀಪ ಸ್ವಲ್ಪ ನೇರಳೆ ಕಡೆ ವಾಲುತ್ತದೆ. ಮಂಕಾದ ಬಲ್ಬ್ ಹಾಕಿದರೆ ಇದು ಇನ್ನೂ ಜಾಸ್ತಿ.

ಹಳೇ ಕೆಂಪು ಗಾಜಿನ ಚೂರೊಂದು ಇದ್ದರೆ ಅದನ್ನೂ ಈ ನೀಲಿ ಗಾಜನ್ನೂ ಒಂದರ ಮೇಲೊಂದು ಇಟ್ಟು ಬಲ್ಬ್ ನೋಡಿ. ಲೆಕ್ಕದ ಪ್ರಕಾರ ಎರಡೂ ಸೇರಿ ಎಲ್ಲ ಬೆಳಕನ್ನೂ ತಿಂದು ಕಪ್ಪಾಗಬೇಕು. ಕೋಬಾಲ್ಟ್ ಆದರೆ ತಂತಿ ಮಾತ್ರ ಕಡುಗೆಂಪಾಗಿ, ಕೆಂಡದ ಎಳೆ ಥರ ಉಳಿದುಕೊಳ್ಳುತ್ತದೆ. ನೋಡಲು ಬಹಳ ಚಂದ. ಇದನ್ನು ಸೂರ್ಯನ ಕಡೆ ಹಿಡಿದು ಮಾತ್ರ ನೋಡಬೇಡಿ, ಆ ಗಾಜು ಕಣ್ಣಿಗೆ ಕಾಣದ ಶಾಖಕಿರಣವನ್ನೂ ಬಿಡುತ್ತದೆ.

ಪ್ರಶ್ನೆ: ಕೆಂಪು ಪ್ಲಾಸ್ಟಿಕ್ ಡೋಮ್ ಗುಲಾಬಿಯಾಗಿಬಿಟ್ಟಿದೆ. ಪಾಲಿಶ್ ಮಾಡಿದರೆ ಬಣ್ಣ ವಾಪಸ್ ಬರುತ್ತಾ?

ಮೊದಲು ನೀರು ಹಾಕಿ ನೋಡಿ. ತಮಾಷೆಯಲ್ಲ. ಡೋಮ್ ಮೇಲೆ ಒದ್ದೆ ಬಟ್ಟೆ ಆಡಿಸಿ, ನೀರು ಆರುವ ಮೊದಲು ಬಣ್ಣ ಗಮನಿಸಿ. ಒದ್ದೆಯಾಗಿದ್ದಾಗ ಕೆಂಪು ಗಾಢವಾಗಿ ಮರಳಿ ಬಂದು, ಒಣಗಿದ ಕೂಡಲೇ ಮತ್ತೆ ಬೆಳ್ಳಗಾದರೆ ತೊಂದರೆ ಮೇಲ್ಪದರದ್ದು. ಸಣ್ಣ ಗೀರುಗಳು, ಬಿಸಿಲಿಗೆ ಹಾಳಾದ ತೆಳು ಪದರ, ಅಷ್ಟೇ. ಅದನ್ನು ಸರಿಮಾಡಬಹುದು. ಒದ್ದೆಯಾದಾಗಲೂ ಗುಲಾಬಿಯೇ ಆಗಿದ್ದರೆ ಡೈ ಸತ್ತಿದೆ. ಅದಕ್ಕೆ ಮದ್ದಿಲ್ಲ.

ಇನ್ನೊಂದು ಪರೀಕ್ಷೆ ನನಗೆ ಇದಕ್ಕಿಂತ ಇಷ್ಟ. ಡೋಮ್ ಅನ್ನು ತಳಕ್ಕೆ ಹಿಡಿದಿಡುವ ಲೋಹದ ಪಟ್ಟಿಯನ್ನು ಬಿಚ್ಚಿ, ಅದರ ಕೆಳಗೆ ಅಡಗಿದ್ದ ಅಂಚನ್ನು ನೋಡಿ. ಆ ಬೆರಳಗಲದ ಅಂಚಿಗೆ ಬಿಸಿಲು ತಾಗಿರುವುದೇ ಇಲ್ಲ. ಕಾರ್ಖಾನೆಯಿಂದ ಹೊರಬಂದ ದಿನದ ಕೆಂಪು ಅಲ್ಲಿ ಹಾಗೇ ಇರುತ್ತದೆ, ಗೆರೆ ಎಳೆದ ಹಾಗೆ ಅದರ ಮೇಲಿನಿಂದ ಮಾಸಿದ ಬಣ್ಣ ಶುರು. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಡೋಮ್ ಎಷ್ಟು ಬಿಸಿಲು ಕುಡಿದಿದೆ ಅನ್ನುವ ಲೆಕ್ಕ. ಮಾರುವವರ ಮಾತಿಗಿಂತ ಇದನ್ನು ನಂಬಿ. ಒಂದು ಬದಿ ಮಾತ್ರ ಮಾಸಿದ್ದರೆ ಆ ವಾಹನ ವರ್ಷಗಟ್ಟಲೆ ಒಂದೇ ದಿಕ್ಕಿಗೆ ನಿಂತಿತ್ತು ಅಂತಲೂ ಊಹಿಸಬಹುದು.

ಡೈ ಯಾಕೆ ಸಾಯುತ್ತದೆ ಅಂದರೆ, ಬೆಳಕನ್ನು ಹೀರುವುದೇ ಅದರ ಕೆಲಸ. ಹೀರಿದ ಶಕ್ತಿಯಿಂದ, ಅದರಲ್ಲೂ ಬಿಸಿಲಿನ ಅತಿನೇರಳೆ ಕಿರಣದಿಂದ, ಒಂದೊಂದೇ ಅಣು ಮುರಿಯುತ್ತ ಹೋಗುತ್ತದೆ. ಮುರಿದ ಅಣು ಮತ್ತೆ ಬೆಳಕನ್ನು ತಡೆಯುವುದಿಲ್ಲ. ಹಾಗಾಗಿ ಮಾಸಿದ ಕೆಂಪು ಡೋಮ್ ಮೊದಲಿಗಿಂತ ಹೆಚ್ಚು ಬೆಳಕು ಬಿಡುತ್ತದೆ, ಆದರೆ ಅದು ಕೆಂಪಲ್ಲ! ಕೆಲವರು ಒಳಗಡೆ ಬಣ್ಣದ ಸ್ಪ್ರೇ ಹೊಡೆಯುತ್ತಾರೆ. ಶೆಲ್ಫ್ ಮೇಲೆ ಪರವಾಗಿಲ್ಲ, ಬಲ್ಬ್ ಹಚ್ಚಿದರೆ ಸ್ಪ್ರೇಯ ಕಲೆ ಕಲೆ ಎದ್ದು ಕಾಣುತ್ತದೆ. ಮಾಸಿದ್ದನ್ನು ಮಾಸಿದ ಹಾಗೇ ಇಟ್ಟುಕೊಳ್ಳುವುದೇ ವಾಸಿ ಅಂತ ನಾನು ಹೇಳುತ್ತೇನೆ, ನಿಮ್ಮ ಇಷ್ಟ.

ಪ್ರಶ್ನೆ: ಮೇಲ್ಪದರ ಮಾತ್ರ ಹಾಳಾಗಿದೆ ಅಂತಿಟ್ಟುಕೊಳ್ಳಿ. ಸ್ವಚ್ಛ ಮಾಡುವ ಸರಿಯಾದ ಕ್ರಮ ಏನು? ಸ್ಪಿರಿಟ್ ಹಾಕಬಹುದಾ?

ಬೇಡ, ದಯವಿಟ್ಟು ಬೇಡ. ಹಳೇ ಡೋಮ್‌ಗಳು ಸಾಮಾನ್ಯವಾಗಿ ಅಕ್ರಿಲಿಕ್ ಅಥವಾ ಪಾಲಿಕಾರ್ಬನೇಟ್. ಅಕ್ರಿಲಿಕ್ ಬಿಸಿಲನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಪೆಟ್ಟು ತಿಂದರೆ ಚೂರಾಗುತ್ತದೆ. ಅದಕ್ಕೆ ಸ್ಪಿರಿಟ್ ತಾಗಿದರೆ ಸ್ಕ್ರೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕುಗಳು ಹಬ್ಬುತ್ತವೆ. ಪಾಲಿಕಾರ್ಬನೇಟ್ ಪೆಟ್ಟಿಗೆ ಗಟ್ಟಿ, ಬಿಸಿಲಿಗೆ ಮೆತ್ತಗೆ. ವರ್ಷಗಳು ಕಳೆದಂತೆ ಹಳದಿಯಾಗಿ ಮಬ್ಬು ಹಿಡಿಯುತ್ತದೆ. ಅದಕ್ಕೆ ಅಸಿಟೋನ್ ಮತ್ತು ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳು ವಿಷ. ನಿಮ್ಮದು ಯಾವುದು ಅಂತ ಖಚಿತ ಇಲ್ಲದಿದ್ದರೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ. ಇದರಿಂದಲೇ ಮುಕ್ಕಾಲು ಕೊಳೆ ಹೋಗುತ್ತದೆ.

ಮಬ್ಬು ತೆಗೆಯಲು ನೀರಿನಲ್ಲಿ ಅದ್ದಿದ ಉಜ್ಜುಕಾಗದ. 800 ನಂಬರಿನಿಂದ ಶುರು ಮಾಡಿ 1500, 2000 (ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು), ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಒಂದು ಕಾಗದದ ಗೀರು ಪೂರ್ತಿ ಹೋಗುವ ತನಕ ಮುಂದಿನದಕ್ಕೆ ಹೋಗಬಾರದು, ಆತುರಪಟ್ಟರೆ ಬಲ್ಬ್ ಹಚ್ಚಿದಾಗ ಪ್ರತಿ ಗೀರೂ ಹೊಳೆಯುತ್ತದೆ. ಮೆಷಿನ್ ಬಫ್ ಹಿಡಿಯುವುದಾದರೆ ಕೈ ಹಗುರ ಇರಲಿ, ಒಂದೇ ಕಡೆ ನಿಲ್ಲಿಸಿದರೆ ಪ್ಲಾಸ್ಟಿಕ್ ಕರಗಿ ಎಳೆದುಕೊಳ್ಳುತ್ತದೆ. ಅಕ್ರಿಲಿಕ್ ಮೆತ್ತಗಾಗುವುದು ಸುಮಾರು 105 ಡಿಗ್ರಿಗೆ. ಉಜ್ಜಾಟದ ಬಿಸಿ ಅಲ್ಲಿಗೆ ಮುಟ್ಟಲು ಹೊತ್ತು ಬೇಕಿಲ್ಲ.

ಡೋಮ್ ಲೆನ್ಸ್ ಒಳಗಿನ ಉದ್ದುದ್ದ ಗೆರೆಗಳನ್ನು ಮಾತ್ರ ಉಜ್ಜಬೇಡಿ. ಅವು ಅಲಂಕಾರ ಅಲ್ಲ, ಬೆಳಕನ್ನು ಹರಡುವ ಗೆರೆಗಳು. ಹಾಗೆಯೇ ರಿಫ್ಲೆಕ್ಟರ್ ಮುಟ್ಟಬೇಡಿ. ಅದರ ಮೇಲಿನ ಅಲ್ಯೂಮಿನಿಯಂ ಹೊಳಪು ನಿರ್ವಾತದಲ್ಲಿ ಹಾಯಿಸಿದ್ದು, ಅತ್ಯಂತ ತೆಳು. ಬೆರಳಲ್ಲಿ ಒಮ್ಮೆ ಒರೆಸಿದರೂ ಹೊಳಪು ಹೋಗಿ ಕೆಳಗಿನ ಪ್ಲಾಸ್ಟಿಕ್ ಬಣ್ಣ ಕಾಣಿಸಿಕೊಳ್ಳಬಹುದು. ಧೂಳಿದ್ದರೆ ಗಾಳಿ ಊದಿ, ಸಾಕು.

ಪ್ರಶ್ನೆ: ಹೊರಗಿನ ಡೋಮ್ ಸ್ವಚ್ಛ ಪಾರದರ್ಶಕ, ಒಳಗೆ ಬಣ್ಣದ ಹಾಳೆಯಂಥ ಫಿಲ್ಟರ್ ಇರುವ ಬಾರ್ ಸಿಕ್ಕಿದೆ. ಫಿಲ್ಟರ್ ಗುಳ್ಳೆ ಎದ್ದು ಸೊಟ್ಟಗಾಗಿದೆ. ಯಾಕೆ?

ಬಲ್ಬಿನ ಬಿಸಿಗೆ. ಬಣ್ಣವನ್ನು ಹೊರಗಿನ ಡೋಮ್‌ನಿಂದ ತೆಗೆದು ಒಳಗಿನ ಫಿಲ್ಟರ್‌ಗೆ ಹಾಕುವುದರಲ್ಲಿ ತಯಾರಕರಿಗೆ ಲಾಭ ಇತ್ತು. ಒಂದೇ ಡೋಮ್ ಎಲ್ಲ ಗಿರಾಕಿಗಳಿಗೂ ಆಯಿತು, ಬಣ್ಣ ಬದಲಿಸಲು ಫಿಲ್ಟರ್ ಮಾತ್ರ ಬದಲಿಸಿದರೆ ಸಾಕು. ಆದರೆ ಫಿಲ್ಟರ್ ಬಲ್ಬಿನ ಹತ್ತಿರಕ್ಕೆ ಬಂತು. ತಡೆದ ಬೆಳಕೆಲ್ಲ ಶಾಖವಾಗುತ್ತದೆ ಅಂತ ಮೇಲೆ ಹೇಳಿದ್ದೆನಲ್ಲ, ಆ ಶಾಖ ಈಗ ಕಡಿಮೆ ಜಾಗದಲ್ಲಿ ಬೀಳುತ್ತದೆ. ರೋಟೇಟರ್ ತಿರುಗುತ್ತಿರುವಾಗ ಬಿಸಿ ಹಂಚಿಹೋಗುತ್ತದೆ. ಮೋಟಾರ್ ನಿಂತು ಬಲ್ಬ್ ಮಾತ್ರ ಉರಿಯುತ್ತಿದ್ದರೆ ಕಿರಣ ಒಂದೇ ಕಡೆ ಬಿದ್ದು ಗುಳ್ಳೆ ಏಳುತ್ತದೆ. ಹಾಗಾಗಿ ಗುಳ್ಳೆ ಬಿದ್ದ ಫಿಲ್ಟರ್ ಕಂಡರೆ ಮೊದಲು ಅದರ ಎದುರಿನ ಮೋಟಾರ್ ಪರೀಕ್ಷಿಸಿ. ಗೇರ್ ಹಲ್ಲು ಸವೆದಿರುತ್ತದೆ, ಇಲ್ಲವೇ ಗ್ರೀಸ್ ಒಣಗಿ ಮೇಣದಂತಾಗಿರುತ್ತದೆ.

ಪ್ರಶ್ನೆ: ಹಳೇ ಬಲ್ಬ್ ತೆಗೆದು ಬಿಳಿ ಎಲ್‌ಇಡಿ ಹಾಕಿದೆ. ನೀಲಿ ಸೂಪರ್, ಕೆಂಪು ಸತ್ತೇಹೋಯಿತು. ಇದೇನು ಉಲ್ಟಾ?

ಮೊದಲ ಪ್ರಶ್ನೆಯ ಉತ್ತರವನ್ನು ತಿರುಗಿಸಿ ಓದಿ. ಸಾಮಾನ್ಯ ಬಿಳಿ ಎಲ್‌ಇಡಿ ಅಸಲಿಗೆ ನೀಲಿ ಎಲ್‌ಇಡಿ. ಸುಮಾರು 450 ನ್ಯಾನೊಮೀಟರ್ ನೀಲಿಯ ಮೇಲೆ ಹಳದಿ ಫಾಸ್ಫರ್ (ನೀಲಿ ಬೆಳಕು ಹೀರಿ ಹಳದಿ ಬೆಳಕು ಕೊಡುವ ಪುಡಿ) ಬಳಿದು ಬಿಳಿ ಮಾಡಿರುತ್ತಾರೆ. ಅದರಲ್ಲಿ ನೀಲಿ ರಾಶಿ ರಾಶಿ, 600 ನ್ಯಾನೊಮೀಟರ್ ಆಚೆಯ ಕೆಂಪು ಚೂರುಪಾರು. ಹಳೇ ಕೆಂಪು ಡೋಮ್ ಬಿಡುವುದೇ ಆ ಚೂರುಪಾರನ್ನು. ಅಂಬರ್ ಡೋಮ್ ಕೂಡ ಕೆಲವೊಮ್ಮೆ ಹಸಿರು ಮಿಶ್ರಿತ ಹಳದಿಯಾಗಿ ಕಾಣುತ್ತದೆ.

ಹಾಕಲೇಬೇಕಿದ್ದರೆ ಕೆಂಪು ಡೋಮ್ ಹಿಂದೆ ಕೆಂಪು ಎಲ್‌ಇಡಿ, ನೀಲಿ ಡೋಮ್ ಹಿಂದೆ ನೀಲಿ ಎಲ್‌ಇಡಿ ಹಾಕಿ. ಆಗ ಡೋಮ್‌ಗೆ ತಡೆಯಲು ಹೆಚ್ಚೇನೂ ಉಳಿಯುವುದಿಲ್ಲ, ಬಿಸಿಯೂ ಇಲ್ಲ. ಆದರೆ ಒಂದು ಕೊರತೆ ಉಳಿದೇ ಉಳಿಯುತ್ತದೆ. ಹಳೇ ರಿಫ್ಲೆಕ್ಟರ್ ಲೆಕ್ಕ ಹಾಕಿರುವುದು ಒಂದು ಸಣ್ಣ ತಂತಿ ಸರಿಯಾಗಿ ನಾಭಿಯಲ್ಲಿ (ಫೋಕಸ್ ಬಿಂದುವಿನಲ್ಲಿ) ಇದೆ ಅಂತ. ಎಂಟು ಹತ್ತು ಎಲ್‌ಇಡಿ ಚುಕ್ಕಿಗಳಿರುವ ಬಲ್ಬ್ ಹಾಕಿದರೆ ಗೋಡೆ ಮೇಲೆ ಓಡುವ ಆ ಬಿಗಿ ಕಿರಣ ಹರಡಿ ಮಸುಕಾಗುತ್ತದೆ. ರೋಟೇಟರ್ ಅಂದ ಇರುವುದೇ ಆ ಓಟದಲ್ಲಿ, ಅಲ್ವಾ? ನನ್ನ ಮಟ್ಟಿಗೆ ಹಳೇ ಬಲ್ಬೇ ಇರಲಿ, ಉರಿಸುವ ಹೊತ್ತು ಕಡಿಮೆ ಇರಲಿ.

ಪ್ರಶ್ನೆ: ಮನೆಯಲ್ಲಿ ಉರಿಸಲು ಎಷ್ಟು ಆಂಪಿಯರ್ ಬೇಕು? ಲ್ಯಾಪ್‌ಟಾಪ್ ಅಡಾಪ್ಟರ್ ಸಾಕಾ?

ಸಾಕಾಗುವುದಿಲ್ಲ. ಅದು 19 ವೋಲ್ಟ್ ಆಸುಪಾಸು ಇರುತ್ತದೆ, ಬಲ್ಬ್ ಸುಟ್ಟುಹೋಗುತ್ತದೆ. ಮೊದಲು ನಿಮ್ಮ ಬಾರ್ ಎಷ್ಟು ವೋಲ್ಟಿನದು ಅಂತ ನೋಡಿ. 1950ರ ದಶಕದ ಮಧ್ಯದ ತನಕ ಅಮೆರಿಕದ ಬಹಳಷ್ಟು ಕಾರುಗಳು 6 ವೋಲ್ಟ್. ಯುರೋಪಿನ ದೊಡ್ಡ ಅಗ್ನಿಶಾಮಕ ವಾಹನಗಳು 24. ಉಳಿದವು ಸಾಮಾನ್ಯವಾಗಿ 12. ಬಲ್ಬಿನ ಮೇಲೆ ಬರೆದಿರುವುದನ್ನು ಮಾತ್ರ ನೆಚ್ಚಬೇಡಿ, ಯಾರೋ ಬದಲಿಸಿರಬಹುದು, ಮೋಟಾರ್ ಮೇಲಿನ ಚೀಟಿಯನ್ನೂ ನೋಡಿ.

ಲೆಕ್ಕ ಸುಲಭ. 30 ವಾಟ್‌ನ ನಾಲ್ಕು ಬಲ್ಬ್ ಅಂದರೆ 120 ವಾಟ್, 12.8 ವೋಲ್ಟ್‌ಗೆ ಭಾಗಿಸಿದರೆ 9.4 ಆಂಪಿಯರ್. ಮೋಟಾರ್ ಬೇರೆ. ತಣ್ಣಗಿರುವ ತಂತಿ ಹೊತ್ತಿಕೊಳ್ಳುವ ಕ್ಷಣದಲ್ಲಿ ಹತ್ತು ಪಟ್ಟಿನ ತನಕ ಎಳೆಯುವುದರಿಂದ ಚಿಕ್ಕ ಪವರ್ ಸಪ್ಲೈಗಳು ಟಪ್ ಅಂತ ಆಫ್ ಆಗುತ್ತವೆ. 20 ಆಂಪಿಯರ್‌ನ ಸಪ್ಲೈ, ದಪ್ಪ ವೈರ್, ನಡುವೆ ಫ್ಯೂಸ್. ಸೈರನ್ ಸ್ಪೀಕರ್ ಸಂಪರ್ಕ ಬಿಡಿಸಿಡಿ, ಅಕ್ಕಪಕ್ಕದವರ ನಿದ್ದೆ ನೆನಪಿರಲಿ.

ಪ್ರಶ್ನೆ: ಸ್ಟ್ರೋಬ್ ಬಾರ್ ಬಿಚ್ಚಿ ರಿಪೇರಿ ಮಾಡಬಹುದಾ?

ಬಿಚ್ಚುವ ಮೊದಲು ಕರೆಂಟ್ ತೆಗೆದು ಸುಮ್ನೆ ಬಿಡಿ, ಹಲವು ನಿಮಿಷ. ಸ್ಟ್ರೋಬ್‌ನಲ್ಲಿ ತಂತಿ ಇಲ್ಲ. ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಕೂಡಿಟ್ಟು, ಜೆನಾನ್ ತುಂಬಿದ ಕೊಳವೆಯೊಳಗೆ ಒಂದೇ ಏಟಿಗೆ ಹರಿಸುತ್ತಾರೆ. 12 ವೋಲ್ಟಿನ ವಸ್ತು ಅಂತ ಸಸಾರ ಮಾಡಿ ಕೈ ಹಾಕಿದರೆ ಜೀವಕ್ಕೇ ಅಪಾಯ. ಪ್ಲಗ್ ಕಿತ್ತ ಮೇಲೂ ಆ ಚಾರ್ಜ್ ಉಳಿದಿರಬಹುದು. ಮೀಟರ್‌ನಿಂದ ಅಳೆದು, ಸೊನ್ನೆ ಹತ್ತಿರ ಬಂದಿದೆ ಅಂತ ಕಣ್ಣಾರೆ ನೋಡಿದ ಮೇಲೇ ಮುಟ್ಟಿ. ಇದರ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್ ಗೊತ್ತಿರುವವರ ಕೈಗೆ ಕೊಡಿ.

ಬಣ್ಣದ ವಿಷಯ ಹೇಳುವುದಾದರೆ, ಜೆನಾನ್ ಬೆಳಕು ಹೆಚ್ಚುಕಡಿಮೆ ಹಗಲಿನ ಬೆಳಕಿನಂತೆ, ನೀಲಿ ಬೇಕಾದಷ್ಟಿದೆ. ತಂತಿ ಬಲ್ಬಿನ ಮುಂದೆ ಸೊರಗುವ ನೀಲಿ ಫಿಲ್ಟರ್ ಸ್ಟ್ರೋಬ್ ಮುಂದೆ ಚೆನ್ನಾಗಿ ಕೆಲಸ ಮಾಡುತ್ತದೆ.

ಪ್ರಶ್ನೆ: ಅಸಲಿ ಡೋಮ್ ಮತ್ತು ಈಚೆಗೆ ಅಚ್ಚು ಹಾಕಿದ ನಕಲು ಡೋಮ್, ಗುರುತಿಸುವುದು ಹೇಗೆ?

ಅಕ್ಷರಗಳನ್ನು ಓದಿ. ಅಮೆರಿಕದ ಲೆನ್ಸ್‌ಗಳಲ್ಲಿ ಕಂಪನಿ ಹೆಸರು, ಪಾರ್ಟ್ ನಂಬರ್, ಎಸ್‌ಎಇ (ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಘ) ಅನ್ನುವ ಗುರುತು ಉಬ್ಬಚ್ಚಾಗಿರುತ್ತವೆ. ಎಸ್‌ಎಇ ಪಕ್ಕ ಎರಡಂಕಿಯ ವರ್ಷ ಇದ್ದರೆ ಅದು ತಯಾರಾದ ವರ್ಷ ಅಂತ ಮೋಸ ಹೋಗಬೇಡಿ, ಯಾವ ವರ್ಷದ ನಿಯಮಕ್ಕೆ ಹೊಂದುತ್ತದೆ ಅನ್ನುವ ಸೂಚನೆ. ತಯಾರಾದ ಕಾಲ ಬೇಕಿದ್ದರೆ ಒಳಬದಿಯಲ್ಲಿ ಗಡಿಯಾರದಂಥ ಸಣ್ಣ ವೃತ್ತ ಹುಡುಕಿ, ಅಂಥದ್ದು ಇದ್ದರೆ ಬಾಣ ತಿಂಗಳನ್ನು ತೋರಿಸುತ್ತದೆ.

ಯುರೋಪಿನವುಗಳಲ್ಲಿ ವೃತ್ತದೊಳಗೆ ಇ ಅಕ್ಷರ ಮತ್ತು ಅನುಮೋದನೆ ಕೊಟ್ಟ ದೇಶದ ಸಂಖ್ಯೆ. 1 ಅಂದರೆ ಜರ್ಮನಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಪಕ್ಕದಲ್ಲಿ ಟಿ ಬಿ ಅಂತ ಇದ್ದರೆ ಸುತ್ತಲೂ ಕಾಣುವ ನೀಲಿ ದೀಪ, ಟಿ ಎ ಅಂದರೆ ಅಂಬರ್. ಅದಕ್ಕಿಂತ ಹಳೇ ಜರ್ಮನ್ ದೀಪಗಳಲ್ಲಿ ಮೂರು ಅಲೆಗೆರೆ, ಮುಂದೆ ಕೆ ಅಕ್ಷರ, ಆಮೇಲೆ ನಂಬರ್. ನಕಲು ಅಚ್ಚಿನಲ್ಲಿ ಈ ಅಕ್ಷರಗಳು ಇಲ್ಲವೇ ಇಲ್ಲ, ಅಥವಾ ಅಂಚು ಕರಗಿದ ಹಾಗೆ ದುಂಡಗೆ ಇರುತ್ತವೆ. ನಕಲು ಅಂತ ಹೇಳಿಯೇ ಮಾರುವುದರಲ್ಲಿ ನನಗೇನೂ ತಕರಾರಿಲ್ಲ. ಎಷ್ಟೋ ಒಳ್ಳೆಯ ಬಾರ್‌ಗಳು ಅವುಗಳಿಂದಲೇ ಮತ್ತೆ ಬೆಳಗುತ್ತಿವೆ.

ಪ್ರಶ್ನೆ: ಹಸಿರು ಡೋಮ್ ಇರುವ ಅಮೆರಿಕದ ದೀಪ ಸಿಕ್ಕಿದೆ. ತುರ್ತು ವಾಹನಕ್ಕೆ ಹಸಿರು ಇರುತ್ತಿತ್ತಾ?

ಇತ್ತು, ಈಗಲೂ ಇದೆ. ಅಮೆರಿಕದಲ್ಲಿ ಬಣ್ಣದ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ ಸ್ವಯಂಸೇವಕ ಅಗ್ನಿಶಾಮಕರ ಸ್ವಂತ ಕಾರಿಗೆ ನೀಲಿ, ಸ್ವಯಂಸೇವಕ ಆಂಬುಲೆನ್ಸ್ ಸಿಬ್ಬಂದಿಗೆ ಹಸಿರು. ಅದೇ ನೀಲಿ ಷಿಕಾಗೋದಲ್ಲಿ ಪೊಲೀಸರದ್ದು. ಕ್ಯಾಲಿಫೋರ್ನಿಯಾದಲ್ಲಿ ಮುಂದಕ್ಕೆ ಮಿನುಗದೆ ಸ್ಥಿರವಾಗಿ ಉರಿಯುವ ಒಂದು ಕೆಂಪು ದೀಪ ಕಡ್ಡಾಯ. ಹಾಗಾಗಿ ಬಣ್ಣ ನೋಡಿ ಇದು ಇಂಥ ವಾಹನದ್ದು ಅಂತ ಹೇಳಲು ಆಗುವುದಿಲ್ಲ, ಎಲ್ಲಿಂದ ಬಂತು ಅಂತ ಮೊದಲು ಗೊತ್ತಿರಬೇಕು. ಮಾರಿದವರನ್ನು ಕೇಳಿ ಆ ಮಾಹಿತಿಯನ್ನು ಒಂದು ಚೀಟಿಯಲ್ಲಿ ಬರೆದು ತಳದೊಳಗೆ ಅಂಟಿಸಿಡಿ.

ಪ್ರಶ್ನೆ: ನನ್ನ ಹಳೇ ಕಾರಿನ ಮೇಲೆ ಇದನ್ನು ಹಾಕಿಕೊಂಡು ಓಡಾಡಬಹುದಾ?

ರಸ್ತೆಯಲ್ಲಿ ಬೇಡ. ತುರ್ತು ದೀಪ ಯಾರು ಹಾಕಬಹುದು ಅಂತ ಬಹುತೇಕ ಎಲ್ಲ ಕಡೆ ಕಾನೂನು ಇದೆ, ಕೆಲವು ಕಡೆ ಉರಿಸದೆ ಸುಮ್ನೆ ಇಟ್ಟುಕೊಂಡರೂ ತಪ್ಪು. ಪ್ರದರ್ಶನಕ್ಕೆ ಒಯ್ಯುವಾಗ ಬಟ್ಟೆಯ ಮುಸುಕು ಹಾಕಿ, ವೈರ್ ಕಿತ್ತು ಒಯ್ಯುವ ಪದ್ಧತಿ ಸಂಗ್ರಹಕಾರರಲ್ಲಿ ಇದೆ. ಅದಕ್ಕೂ ಮೊದಲು ನಿಮ್ಮಲ್ಲಿನ ನಿಯಮ ವಿಚಾರಿಸಿ. ಮುಸುಕಿಗೆ ಕಪ್ಪು, ದಪ್ಪ ಬಟ್ಟೆಯೇ ಇರಲಿ, ಡೋಮ್‌ಗೆ ಬಿಸಿಲೂ ತಾಗುವುದಿಲ್ಲ.